ಮೋಟಾರು ಕಾರಿನೊಳಗಿನ ನೀರು ಮತ್ತು ವಿದ್ಯುದ್ದೋಷಗಳು

ಚನ್ನರಾಯಪಟ್ಟಣದಿಂದ ಹೊರಟು ಹಾಸನದ ಮೇಲೆ ಸಕಲೇಶಪುರವನ್ನು ಸೇರಲು ಸುಮಾರು 80 ಕಿಲೋಮೀಟರುಗಳ ದಾರಿ. ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ 75ನೆಯ ರಾಷ್ಟ್ರೀಯ ಹೆದ್ದಾರಿಯ ಈ ಭಾಗವನ್ನು ಕ್ರಮಿಸುವಷ್ಟರಲ್ಲಿ ಕಾರು ಎರಡು ಬೇರೆ ಬೇರೆ ಹವಾಗುಣಗಳನ್ನು ಕಂಡಿರುತ್ತದೆ. ಚನ್ನರಾಯಪಟ್ಟಣದ ಬಯಲಿನಲ್ಲಿ ವರ್ಷಕ್ಕೆ ಬೀಳುವ ಮಳೆ 700 ಮಿಲಿಮೀಟರುಗಳ ಆಸುಪಾಸಿನದು. ಸಕಲೇಶಪುರದ ಮಲೆಗಳಲ್ಲಿ ಅದು 2000 ಮಿಲಿಮೀಟರುಗಳನ್ನು ಮೀರುತ್ತದೆ. ಹೇಮಾವತಿಯ ದಡದ ಹೊಳೆನರಸೀಪುರ, ಹೇಮಾವತಿ ಕಾವೇರಿಗಳೆರಡಕ್ಕೂ ಸಮೀಪವಾದ ಅರಕಲಗೂಡು ಸೀಮೆ, ಇವು ನಡುವಣ ಪ್ರದೇಶಗಳು. ಬಯಲಿನಲ್ಲಿ ಕಾರಿಗೆ ದೊರೆಯುವುದು ಧೂಳು ಮತ್ತು ಹೊಟ್ಟು. ಸುಗ್ಗಿಯಲ್ಲಿ ರಾಗಿ, ಹುರುಳಿಗಳನ್ನು ಡಾಂಬರು ರಸ್ತೆಯ ಮೇಲೆ ಹರಡಿ, ಬಂದುಹೋಗುವ ವಾಹನಗಳ ಚಕ್ರಗಳಿಂದಲೇ ಒಕ್ಕಣೆ ಮಾಡಿಸುವ ಅಪಾಯಕರವಾದ ರೂಢಿಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಲೆನಾಡಿನಲ್ಲಿ ದೊರೆಯುವುದು ತರಗೆಲೆ ಮತ್ತು ಬಿಡದೆ ಸುರಿಯುವ ಸೋನೆ. ಧೂಳಿನಲ್ಲಿ ಲವಣಗಳಿವೆ, ಮಳೆಯಲ್ಲಿ ಆ ಲವಣಗಳನ್ನು ಕರಗಿಸುವ ನೀರಿದೆ. ಇವೆರಡೂ ಒಂದೇ ಕಾರಿನೊಳಗೆ ಸಂಧಿಸಿದಾಗ ಏನಾಗುವುದೆಂಬುದೇ ಈ ಲೇಖನದ ವಿಷಯ.

ಒಂದು ದೃಷ್ಟಾಂತವನ್ನು ತೆಗೆದುಕೊಳ್ಳೋಣ. ಅರಕಲಗೂಡಿನಲ್ಲಿ ಬಾಡಿಗೆಗೆ ಕಾರು ಓಡಿಸಿ ಸಂಸಾರ ಸಾಗಿಸುವ ಒಬ್ಬರಿದ್ದಾರೆಂದು ಭಾವಿಸಿ. ಪುನರ್ವಸು ಮಳೆ ಹಿಡಿದ ಮೇಲೆ ಅವರ ಕಾರಿಗೆ ಎರಡು ರೋಗಗಳು ತಗಲಿಕೊಂಡವು. ಎರಡು ರಾತ್ರಿ ನಿಂತರೆ ಬ್ಯಾಟರಿ ಸತ್ತಿರುತ್ತದೆ. ಬ್ಯಾಟರಿ ಸರಿಯಿದ್ದ ದಿನವೂ ಮುಂಜಾವದ ಚಳಿಯಲ್ಲಿ ಎಂಜಿನ್ನು ಬೇಗ ಹೊತ್ತಿಕೊಳ್ಳುವುದಿಲ್ಲ. ಒಮ್ಮೆ ಬಿಸಿಯಾಯಿತೆಂದರೆ ದಿನವೆಲ್ಲ ಸೊಗಸಾಗಿ ಓಡುತ್ತದೆ. ಗ್ಯಾರೇಜಿನವರು ಹೊಸ ಬ್ಯಾಟರಿ ಹಾಕಿದರು. ವಾರ ಕಳೆಯುವುದರೊಳಗೆ ಅದೂ ಸತ್ತಿತು. ಕಡೆಗೆ, "ಇಸಿಎಂ ಹೋಗಿದೆ ಅಣ್ಣ, ಹೊಸದು ತರಿಸಬೇಕು" ಎಂದರು. ಅದರ ಬೆಲೆ ಒಂದು ತಿಂಗಳ ಬಾಡಿಗೆಯನ್ನು ನುಂಗುವಷ್ಟು. ಸಾಲ ಮಾಡಿ ಅದನ್ನು ಹಾಕಿಸಬೇಕೇ, ಬೇಡವೇ? ಉತ್ತರ ಕೊಡುವ ಮೊದಲು ಕಾರಿನೊಳಗಿನ ವಿದ್ಯುತ್ತಿನ ಏರ್ಪಾಟನ್ನು ಸ್ವಲ್ಪ ಪರಿಶೀಲಿಸಬೇಕು.

2014ರಲ್ಲಿ ತಯಾರಿಕೆ ನಿಂತುಹೋದ ಅಂಬಾಸಿಡರ್ ಕಾರಿನ ಹಳೆಯ ಮಾದರಿಗಳಲ್ಲಿ ದೀಪ, ಸ್ವಿಚ್ಚು, ತಂತಿ ಇವುಗಳ ಸಂಬಂಧ ನೇರವಾಗಿತ್ತು. ಸ್ವಿಚ್ಚನ್ನು ಅದುಮಿದರೆ ಬ್ಯಾಟರಿಯ ಪ್ರವಾಹ ಆ ಸ್ವಿಚ್ಚಿನ ಮೂಲಕವೇ ಹಾರನ್ನಿಗೋ ದೀಪಕ್ಕೋ ಹರಿಯುತ್ತಿತ್ತು. ಮಳೆಗೆ ಎಂಜಿನ್ನು ಸ್ಥಗಿತವಾದರೆ ಚಾಲಕನು ಡಿಸ್ಟ್ರಿಬ್ಯೂಟರಿನ ಮುಚ್ಚಳವನ್ನು ತೆಗೆದು ಒಣಬಟ್ಟೆಯಿಂದ ಒರೆಸಿ ಮುಂದೆ ಸಾಗುತ್ತಿದ್ದನು. ಇಂದಿನ ಕಾರಿನಲ್ಲಿ ಹಾಗಲ್ಲ. ಸ್ವಿಚ್ಚು ಈಗ ಕೇವಲ ಒಂದು ಸುದ್ದಿಯನ್ನು ಕಳುಹಿಸುತ್ತದೆ. ಆ ಸುದ್ದಿಯನ್ನು ಓದಿ, ವಿಚಾರಿಸಿ, ದೀಪಕ್ಕೆ ಪ್ರವಾಹವನ್ನು ಬಿಡುವುದು ಒಂದು ಸಣ್ಣ ಗಣಕಯಂತ್ರ. ಇದಕ್ಕೆ ನಿಯಂತ್ರಕ ಅಥವಾ ಮಾಡ್ಯೂಲ್ ಎಂದು ಹೆಸರು. ಎಂಜಿನ್ನಿಗೆ ಒಂದು, ಬಾಗಿಲು ದೀಪಗಳಿಗೆ ಒಂದು, ಬ್ರೇಕಿಗೆ ಒಂದು, ಹೀಗೆ ಒಂದೇ ಕಾರಿನಲ್ಲಿ ಹಲವು ನಿಯಂತ್ರಕಗಳಿರುತ್ತವೆ. ಅವು ಪರಸ್ಪರ ಮಾತನಾಡಲು, ಒಂದರ ಸುತ್ತ ಒಂದು ಹೊಸೆದ ಜೋಡಿ ತಂತಿಯನ್ನು ಬಳಸುತ್ತವೆ. ಜರ್ಮನಿಯ ಬಾಷ್ ಸಂಸ್ಥೆ 1986ರಲ್ಲಿ ಪ್ರಕಟಿಸಿದ ಈ ಪದ್ಧತಿಗೆ ಕ್ಯಾನ್ ಎಂದು ಹೆಸರಾಗಿದೆ.

ಈಗ ನೀರಿನ ಕಡೆಗೆ ಬರೋಣ. ಶುದ್ಧವಾದ ನೀರು ವಿದ್ಯುತ್ತಿಗೆ ಬಹಳ ಕೆಟ್ಟ ವಾಹಕ. ಪೆಟ್ರೋಲ್ ಬಂಕಿನಲ್ಲಿ ಸಿಗುವ ಬ್ಯಾಟರಿ ನೀರನ್ನು, ಎಂದರೆ ಬಟ್ಟಿ ಇಳಿಸಿದ ನೀರನ್ನು, ಒಂದು ಲೋಟದಲ್ಲಿ ಹಾಕಿ, 9 ವೋಲ್ಟಿನ ಸಣ್ಣ ಬ್ಯಾಟರಿಗೆ ಸೇರಿಸಿದ ಎರಡು ತಾಮ್ರದ ತಂತಿಗಳನ್ನು ಅದರಲ್ಲಿ ಅದ್ದಿ ನೋಡಿ. ಮಲ್ಟಿಮೀಟರಿನ ಮುಳ್ಳು ಅಲ್ಲಾಡಿದರೆ ಹೆಚ್ಚು. ಒಂದು ಚಿಟಿಕೆ ಉಪ್ಪು ಅಥವಾ ರಸ್ತೆಯ ಧೂಳನ್ನು ಹಾಕಿ ಕಲಕಿದೊಡನೆ ಪ್ರವಾಹ ಏರುತ್ತದೆ. ಹಾಗೆಯೇ ಒಂದು ಗಂಟೆ ಬಿಟ್ಟರೆ ಧನಾಗ್ರದ ತಂತಿ ಕಳೆಗುಂದಿ, ಅದರ ಸುತ್ತ ಹಸಿರು ನೀಲಿ ಛಾಯೆಯ ಗಸಿ ಕಾಣಿಸಿಕೊಳ್ಳುತ್ತದೆ. ತಾಮ್ರದ ಪರಮಾಣುಗಳು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಅಯಾನುಗಳಾಗಿ ನೀರಿಗೆ ಇಳಿಯುತ್ತಿವೆ. ಇದು ಫ್ಯಾರಡೆಯ ನಿಯಮಗಳನ್ನು ಕಲಿಯುವಾಗ ಪ್ರತಿಯೊಬ್ಬ ವಿದ್ಯಾರ್ಥಿಯೂ ಮಾಡುವ ಪ್ರಯೋಗವೇ. ಕಾರಿನಲ್ಲಿ ಅದು ಯಾರಿಗೂ ತಿಳಿಯದಂತೆ ನಡೆಯುತ್ತದೆ.

ಅದೇ ನಿಯಮದಿಂದ ಒಂದು ಲೆಕ್ಕ ಮಾಡಬಹುದು. ನಿಯಂತ್ರಕಕ್ಕೆ ಹೋಗುವ ಕೆಲವು ತಂತಿಗಳಲ್ಲಿ, ಚಾವಿಯನ್ನು ತೆಗೆದ ಮೇಲೂ, ಹಗಲಿರುಳು 12 ವೋಲ್ಟು ನಿಂತಿರುತ್ತದೆ. ಅಂತಹ ತಂತಿಯಿಂದ ಒದ್ದೆಯಾದ ಜಾಗವೊಂದರಲ್ಲಿ ಕೇವಲ 1 ಮಿಲಿಆಂಪೇರ್ ಪ್ರವಾಹ ಸೋರುತ್ತಿದೆ ಎನ್ನಿ. ಒಂದು ದಿನಕ್ಕೆ 86.4 ಕೂಲಂಬು. ಅಷ್ಟೂ ತಾಮ್ರವನ್ನು ಕರಗಿಸಲು ವೆಚ್ಚವಾದರೆ 28 ಮಿಲಿಗ್ರಾಂ ತಾಮ್ರ ಮಾಯವಾಗುತ್ತದೆ, ಎಂದರೆ 0.5 ಚದರ ಮಿಲಿಮೀಟರ್ ಅಡ್ಡಕೊಯ್ತದ ತಂತಿಯಲ್ಲಿ 6 ಮಿಲಿಮೀಟರ್ ಉದ್ದ. ವಾಸ್ತವವಾಗಿ ಪ್ರವಾಹದ ಒಂದಂಶ ಬೇರೆ ಕ್ರಿಯೆಗಳಲ್ಲಿ ವೆಚ್ಚವಾಗುವುದರಿಂದ ಸವೆತ ಇದಕ್ಕಿಂತ ಕಡಮೆ. ಆದರೂ, ಒಂದು ಮಳೆಗಾಲದಲ್ಲಿ ತಂತಿಯೊಂದು ಹೊದಿಕೆಯೊಳಗೇ ಹಸಿರು ಪುಡಿಯಾಗುವುದರಲ್ಲಿ ಆಶ್ಚರ್ಯವೇನೂ ಇಲ್ಲವೆಂಬುದು ಸ್ಪಷ್ಟವಾಯಿತಷ್ಟೆ.

ಹೀಗೆ ಸೋರುವಾಗ ಫ್ಯೂಸ್ ಏಕೆ ಸುಡುವುದಿಲ್ಲ? ಬಹುಮಂದಿ ಕೇಳುವ ಪ್ರಶ್ನೆ ಇದು; ರೋಗನಿದಾನದ ಗುಟ್ಟೂ ಇಲ್ಲಿಯೇ ಇದೆ. ನಮ್ಮ ಅರಕಲಗೂಡಿನ ಕಾರಿನ ಬಾಗಿಲಿನ ಸ್ವಿಚ್ಚನ್ನು ನೋಡೋಣ. ನಿಯಂತ್ರಕವು 1000 ಓಂ ರೋಧದ ಮೂಲಕ 12 ವೋಲ್ಟನ್ನು ಆ ಸ್ವಿಚ್ಚಿನ ತಂತಿಗೆ ಕೊಟ್ಟಿರುತ್ತದೆ ಎಂದಿಟ್ಟುಕೊಳ್ಳಿ. ಬಾಗಿಲು ಮುಚ್ಚಿದ್ದರೆ ಸ್ವಿಚ್ಚು ತೆರೆದಿರುತ್ತದೆ. ತಂತಿಯಲ್ಲಿ 12 ವೋಲ್ಟು. ಬಾಗಿಲು ತೆರೆದರೆ ಸ್ವಿಚ್ಚು ತಂತಿಯನ್ನು ಅರ್ತಿಗೆ, ಎಂದರೆ ಕಾರಿನ ಲೋಹದ ಮೈಗೆ, ಸೇರಿಸುತ್ತದೆ. ತಂತಿಯಲ್ಲಿ 0 ವೋಲ್ಟು. ಈಗ ಕನೆಕ್ಟರಿನಲ್ಲಿ ಕೊಳೆನೀರಿನ ತೆಳುಪೊರೆಯೊಂದು ಈ ತಂತಿಗೂ ಅರ್ತಿಗೂ ನಡುವೆ 500 ಓಂ ರೋಧದ ಸೇತುವೆಯನ್ನು ಕಟ್ಟಿತು. 12 ವೋಲ್ಟು 1000 ಮತ್ತು 500 ಓಂಗಳ ನಡುವೆ ಹಂಚಿಹೋಗಿ ತಂತಿಯಲ್ಲಿ ಉಳಿಯುವುದು 4 ವೋಲ್ಟು. ನಿಯಂತ್ರಕವು ಇದನ್ನು "ಬಾಗಿಲು ತೆರೆದಿದೆ" ಎಂದು ಓದುತ್ತದೆ. ಹರಿಯುವ ಪ್ರವಾಹ 8 ಮಿಲಿಆಂಪೇರ್. 10 ಆಂಪೇರಿನ ಫ್ಯೂಸಿಗೆ ಇದು ಆನೆಯ ಬೆನ್ನ ಮೇಲೆ ಇರುವೆ ನಡೆದಂತೆ.

ಆದರೆ ಪರಿಣಾಮ ಸಣ್ಣದಲ್ಲ. ಕಾರನ್ನು ನಿಲ್ಲಿಸಿ ಬೀಗ ಹಾಕಿದ ಮೇಲೆ ನಿಯಂತ್ರಕಗಳು ನಿದ್ದೆ ಹೋಗಬೇಕು; ಆಗ ಇಡೀ ಕಾರು ಎಳೆಯುವ ಪ್ರವಾಹ 0.03 ಆಂಪೇರಿನಷ್ಟು. ಬಾಗಿಲು ತೆರೆದಿದೆಯೆಂದು ನಂಬಿದ ನಿಯಂತ್ರಕವು ತಾನೂ ಎಚ್ಚರವಿದ್ದು, ಜೋಡಿ ತಂತಿಯ ಮೂಲಕ ಉಳಿದವನ್ನೂ ಎಚ್ಚರವಾಗಿಡುತ್ತದೆ. ಪ್ರವಾಹವು 0.5 ಆಂಪೇರಿಗೆ ಏರಿತೆನ್ನಿ. 35 ಆಂಪೇರ್-ಗಂಟೆಗಳ ಬ್ಯಾಟರಿ ಪೂರ್ತಿ ಬರಿದಾಗಲು 70 ಗಂಟೆ. ಸ್ಟಾರ್ಟರನ್ನು ತಿರುಗಿಸಲಾರದಷ್ಟು ಸೋಲಲು ಅದರ ಅರ್ಧ ಸಾಕು. ಎರಡು ರಾತ್ರಿಗಳ ಲೆಕ್ಕ ಸರಿಹೋಯಿತು. ಬ್ಯಾಟರಿಯಲ್ಲಿ ದೋಷವಿಲ್ಲ, ನಿಯಂತ್ರಕದಲ್ಲಿಯೂ ಇಲ್ಲ. ಸುಳ್ಳು ಸುದ್ದಿಯನ್ನು ನಂಬಿದುದಷ್ಟೇ ಅದರ ತಪ್ಪು.

ಎರಡನೆಯ ರೋಗವು ಇನ್ನೂ ಸ್ವಾರಸ್ಯವಾದುದು. ಎಂಜಿನ್ನಿನ ಉಷ್ಣತೆಯನ್ನು ತಿಳಿಸುವ ಸಂವೇದಕವು ಬಿಸಿಯಾದಂತೆ ರೋಧ ಕಡಮೆಯಾಗುವ ಒಂದು ವಸ್ತು. ಸಾಮಾನ್ಯವಾದ ಒಂದು ಜಾತಿಯಲ್ಲಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 2500 ಓಂ, 80 ಡಿಗ್ರಿಯಲ್ಲಿ ಸುಮಾರು 320 ಓಂ ಇರುತ್ತದೆ. ಇದರ ಕನೆಕ್ಟರಿನಲ್ಲಿ ನೀರು ನಿಂತು 1000 ಓಂ ರೋಧವೊಂದು ಸಮಾಂತರವಾಗಿ ಸೇರಿತೆನ್ನಿ. ಚಳಿಯ ಮುಂಜಾವದಲ್ಲಿ 2500 ಮತ್ತು 1000 ಓಂಗಳ ಸಮಾಂತರ ಜೋಡಣೆ 714 ಓಂ ಆಗುತ್ತದೆ. ನಿಯಂತ್ರಕದ ದೃಷ್ಟಿಯಲ್ಲಿ ಎಂಜಿನ್ನು 50 ಡಿಗ್ರಿಗೂ ಮೇಲೆ ಬಿಸಿಯಾಗಿದೆ. ಆದ್ದರಿಂದ ತಣ್ಣನೆಯ ಎಂಜಿನ್ನಿಗೆ ಬೇಕಾದ ಹೆಚ್ಚು ಪೆಟ್ರೋಲನ್ನು ಅದು ಕೊಡುವುದಿಲ್ಲ. ಎಂಜಿನ್ನು ನಿಜವಾಗಿ ಬಿಸಿಯಾದ ಮೇಲೆ 320 ಮತ್ತು 1000 ಓಂಗಳ ಜೋಡಣೆ 242 ಓಂ. ತೋರುವ ಉಷ್ಣತೆ 90 ಡಿಗ್ರಿಯ ಸಮೀಪ. ಹತ್ತು ಡಿಗ್ರಿಗಳ ಈ ತಪ್ಪಿನಿಂದ ಎಂಜಿನ್ನಿಗೆ ಅಷ್ಟಾಗಿ ಬಾಧೆಯಿಲ್ಲ. ಬಿಸಿಯಾದ ಮೇಲೆ ಕಾರು ಸೊಗಸಾಗಿ ಓಡುವುದು ಇದರಿಂದಲೇ. ಗ್ಯಾರೇಜಿಗೆ ಓಡಿಸಿಕೊಂಡು ಹೋಗುವಷ್ಟರಲ್ಲಿ ಎಂಜಿನ್ನು ಬಿಸಿಯಾಗಿ, ಕನೆಕ್ಟರೂ ಒಣಗಿ, ರೋಗ ಮಾಯವಾಗಿರುತ್ತದೆ. ಚಾಲಕನು ಸುಳ್ಳು ಹೇಳುತ್ತಿದ್ದಾನೆಂದು ಮೆಕ್ಯಾನಿಕ್ಕಿಗೂ, ಮೆಕ್ಯಾನಿಕ್ಕಿಗೆ ಕೆಲಸ ಬಾರದೆಂದು ಚಾಲಕನಿಗೂ ತೋರುತ್ತದೆ. ಇಬ್ಬರ ಮಾತೂ ನಿಜವೇ.

ಅದೇ ನೀರು ಒಣಗಿದ ಮೇಲೆ ಮತ್ತೊಂದು ರೂಪವನ್ನು ತಾಳುತ್ತದೆ. ಹಸಿರು ಕಿಲುಬು ಉಳಿದು, ಸಂಪರ್ಕದ ದಾರಿಯಲ್ಲಿಯೇ ರೋಧ ಹುಟ್ಟುತ್ತದೆ. ಈ ರೋಧ ಸೇರುವುದು ಸಮಾಂತರವಾಗಿ ಅಲ್ಲ, ಶ್ರೇಣಿಯಲ್ಲಿ. 80 ಡಿಗ್ರಿಯ 320 ಓಂಗಳಿಗೆ 400 ಓಂ ಕಿಲುಬಿನ ರೋಧ ಸೇರಿದರೆ 720 ಓಂ. ಈಗ ಬಿಸಿಯಾದ ಎಂಜಿನ್ನು 50 ಡಿಗ್ರಿಯ ಆಸುಪಾಸಿನಲ್ಲಿದೆಯೆಂದು ನಿಯಂತ್ರಕ ತಿಳಿದು, ಬೇಡದ ಪೆಟ್ರೋಲನ್ನು ಸುರಿಯುತ್ತದೆ. ಆಷಾಢದಲ್ಲಿ ಒಂದು ಬಗೆಯ ಕಾಯಿಲೆ, ಕಾರ್ತಿಕದಲ್ಲಿ ಅದಕ್ಕೆ ತದ್ವಿರುದ್ಧವಾದ ಕಾಯಿಲೆ; ಎರಡಕ್ಕೂ ಕಾರಣ ಒಂದೇ ಕನೆಕ್ಟರು. ಓದುಗರು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು.

ಕಾರಿನ ದೋಷಸಂಕೇತಗಳನ್ನು ಓದುವ ಉಪಕರಣವು ಈಗ ಬಹುಪಾಲು ಗ್ಯಾರೇಜುಗಳಲ್ಲಿದೆ. ಅದನ್ನು ಸೇರಿಸಿದರೆ ಇಂತಹ ಸಂವೇದಕದ ಸುದ್ದಿ ಸರಿಯಿಲ್ಲ, ಇಂತಹ ನಿಯಂತ್ರಕದೊಡನೆ ಸಂಪರ್ಕ ತಪ್ಪಿದೆ, ಎಂದು ಹೇಳುತ್ತದೆ. ಇದು ನಿಯಂತ್ರಕಕ್ಕೆ ಕಂಡ ಸಂಗತಿಯೇ ಹೊರತು ಕಾರಣವಲ್ಲ. ಹಾಸನದಲ್ಲಿ 1982ರಲ್ಲಿ ಸ್ಥಾಪಿತವಾದ, ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ಮುಖ್ಯ ನಿಯಂತ್ರಣ ಕೇಂದ್ರದ ತಂತ್ರಜ್ಞರು ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳ ಆರೋಗ್ಯವನ್ನು ರೇಡಿಯೋ ಮೂಲಕ ಬರುವ ಅಂಕಿಗಳಿಂದಲೇ ಊಹಿಸಬೇಕು. ಪೆಟ್ಟಿಗೆಯನ್ನು ಬಿಚ್ಚಿ ನೋಡುವ ಸೌಕರ್ಯ ಅವರಿಗಿಲ್ಲ. ಅದೇ ಊರಿನ ಗ್ಯಾರೇಜಿನಲ್ಲಿರುವವರಿಗೆ ಆ ಸೌಕರ್ಯವಿದೆ. ಆದರೂ ಅನೇಕರು ಕಾಲ ಕೆಳಗಿನ ಕಾರ್ಪೆಟ್ಟನ್ನು ಎತ್ತಿ ನೋಡದೆಯೇ ಹೊಸ ನಿಯಂತ್ರಕಕ್ಕೆ ಆದೇಶ ಕಳುಹಿಸಿಬಿಡುತ್ತಾರೆ. ಹೊಸದನ್ನು ಅದೇ ಒದ್ದೆ ಜಾಗದಲ್ಲಿ ಕೂರಿಸಿದರೆ ಅದರ ಗತಿಯೂ ಅದೇ. ಅಲ್ಲದೆ ಅದಕ್ಕೆ ಆ ಕಾರಿನ ಗುರುತನ್ನೂ ಚಾವಿಯ ಸಂಕೇತವನ್ನೂ ಕಲಿಸಬೇಕಾಗುತ್ತದೆ. ಗುಜರಿಯಿಂದ ತಂದ ಹಳೆಯದು ಹಾಗೆಯೇ ಹೊಂದಿಕೊಳ್ಳುವುದು ಅಪರೂಪ.

ಆದ್ದರಿಂದ ಮೊದಲು ಹುಡುಕಬೇಕಾದುದು ನೀರಿನ ದಾರಿ. ಬೆರಳಿಗೆ ಅಂಟಂಟಾಗಿದ್ದು ಸಿಹಿಯಾದ ವಾಸನೆ ಬಂದರೆ ಅದು ಮಳೆನೀರಲ್ಲ, ಎಂಜಿನ್ನನ್ನು ತಂಪುಮಾಡುವ ದ್ರವ. ಬಿರುಬೇಸಗೆಯಲ್ಲಿಯೂ ಮುಂದಿನ ಆಸನದ ಕಾಲ ಬಳಿ ತಿಳಿನೀರು ನಿಂತರೆ, ಹವಾನಿಯಂತ್ರಣದ ನೀರನ್ನು ಹೊರಗೆ ಬಿಡುವ ಕೊಳವೆ ಕಟ್ಟಿಕೊಂಡಿದೆ. ಮಳೆನೀರಾದರೆ ಪ್ರವೇಶದ್ವಾರಗಳು ಹಲವು. ಬಾಗಿಲಿನ ಒಳಹಲಗೆಯ ಹಿಂದೆ ಅಂಟಿಸಿದ ಪ್ಲಾಸ್ಟಿಕ್ ಹಾಳೆ ಹರಿದಿರಬಹುದು, ಹಿಂದಿನ ದೀಪದ ರಬ್ಬರು ಸತ್ತಿರಬಹುದು, ಚಾವಣಿಯ ಕಿಟಕಿಯ ನಾಲೆ ಮುಚ್ಚಿರಬಹುದು. ಎಲ್ಲಕ್ಕಿಂತ ಹೆಚ್ಚಾಗಿ ಕೆಡುವುದು, ನಮ್ಮ ಅನುಭವದಲ್ಲಿ, ಮುಂಗಾಜಿನ ಬುಡದಲ್ಲಿ ವೈಪರುಗಳ ಜಾಲರಿಯ ಕೆಳಗಿರುವ ತೊಟ್ಟಿ. ಅದರ ಎರಡು ತುದಿಗಳಲ್ಲಿಯೂ ನೀರು ಇಳಿದುಹೋಗಲು ರಂಧ್ರಗಳಿರುತ್ತವೆ. ಬಯಲಿನ ಹೊಟ್ಟೂ ಮಲೆನಾಡಿನ ಸಿಲ್ವರ್ ಓಕ್ ಮರದ ಎಲೆಗಳೂ ಸೇರಿ ಆ ರಂಧ್ರಗಳಿಗೆ ಒಳ್ಳೆಯ ಬಿರಡೆಯಾಗುತ್ತವೆ. ಕಾಳಿನ ಆಸೆಗೆ ಇಲಿ ಬಂದು ಅಲ್ಲಿ ಗೂಡು ಕಟ್ಟಿ, ತಂತಿಯ ಹೊದಿಕೆಯನ್ನೂ ಕಡಿದು ಹೋಗಿದ್ದರೆ ಮುಂದಿನದನ್ನು ಹೇಳಬೇಕಾಗಿಯೇ ಇಲ್ಲ.

ತೊಟ್ಟಿ ತುಂಬಿ ಹರಿದ ನೀರು ತಂತಿಗಳ ಕಟ್ಟಿನ ಮೇಲೆ ಬಿದ್ದು, ಇಳಿಜಾರು ಇರುವ ಕಡೆಗೆ ಸಾಗಿ, ಎಂಜಿನ್ ಕೋಣೆಯ ಗೋಡೆಯಲ್ಲಿ ಕಟ್ಟು ನುಸುಳುವ ರಬ್ಬರ್ ಬಳೆಯ ಮೂಲಕ ಒಳಗೆ ಬರುತ್ತದೆ. ತಂತಿಯ ಒಳಗೂ ನೀರು ಚಲಿಸಬಲ್ಲುದು! ಹಲವು ಸಣ್ಣ ಎಳೆಗಳನ್ನು ಹೊಸೆದ ತಂತಿಯಲ್ಲಿ ಎಳೆಗಳ ನಡುವಣ ಸಂದುಗಳು ಲೋಮನಾಳಗಳಂತೆ ವರ್ತಿಸುತ್ತವೆ. 0.1 ಮಿಲಿಮೀಟರ್ ತ್ರಿಜ್ಯದ ನಾಳದಲ್ಲಿ ನೀರು ಸುಮಾರು 15 ಸೆಂಟಿಮೀಟರ್ ಮೇಲೇರಬಲ್ಲುದು. ಸಂದು ಇನ್ನೂ ಕಿರಿದಾದರೆ ಇನ್ನೂ ಮೇಲಕ್ಕೆ. ಎರಡು ತುದಿಗಳನ್ನೂ ಸುಲಿದ ಒಂದು ಮಾರುದ್ದದ ಎಳೆತಂತಿಯನ್ನು ತೆಗೆದುಕೊಂಡು, ಒಂದು ತುದಿಯನ್ನು ಶಾಯಿಯ ನೀರಿನಲ್ಲಿ ಅದ್ದಿ, ಲೋಟದ ಅಂಚಿನ ಮೇಲಿಂದ ಇಳಿಬಿಟ್ಟು, ಮತ್ತೊಂದು ತುದಿಯ ಕೆಳಗೆ ಬಿಳಿಯ ಕಾಗದವನ್ನಿಟ್ಟು ಮರುದಿನದವರೆಗೆ ಕಾದು ನೋಡಿ. ಕಾಗದದ ಮೇಲೆ ಶಾಯಿ ಕಂಡಿತೆಂದರೆ, ನೆನೆದ ಜಾಗಕ್ಕೂ ಕೆಟ್ಟ ಜಾಗಕ್ಕೂ ಒಂದು ಮಾರು ಅಂತರವಿರಬಹುದೆಂಬುದು ಕಣ್ಣಾರೆ ಸಿದ್ಧವಾದಂತಾಯಿತು.

ನಿಯಂತ್ರಕದ ಮುಚ್ಚಿದ ಪೆಟ್ಟಿಗೆಯೊಳಗೇ ನೀರು ಹೋಗುವುದೂ ಉಂಟು. 70 ಡಿಗ್ರಿಗೆ ಬಿಸಿಯಾದ ಪೆಟ್ಟಿಗೆಯು ರಸ್ತೆಯ ಹಳ್ಳದ ನೀರಿಗೆ ಸಿಕ್ಕಿ ಹಠಾತ್ತನೆ 20 ಡಿಗ್ರಿಗೆ ತಣಿದರೆ, ಒಳಗಿನ ಗಾಳಿಯ ಒತ್ತಡ ಶೇಕಡ 15ರಷ್ಟು ಕುಗ್ಗುತ್ತದೆ; ಸೀಲು ಸಡಿಲವಾಗಿದ್ದಲ್ಲಿ ಪೆಟ್ಟಿಗೆ ನೀರನ್ನು ಹೀರಿಕೊಳ್ಳುತ್ತದೆ.

ದಾರಿಯನ್ನು ಪತ್ತೆಹಚ್ಚಲು ದೊಡ್ಡ ಉಪಕರಣಗಳು ಬೇಡ. ಕಾರ್ಪೆಟ್ಟನ್ನು ಎತ್ತಿ, ಒಳಗನ್ನು ಒಣಗಿಸಿ, ಹಳೆಯ ವೃತ್ತಪತ್ರಿಕೆಗಳನ್ನು ಹಾಸಬೇಕು. ಒಬ್ಬರು ಟಾರ್ಚು ಹಿಡಿದು ಒಳಗೆ ಕೂರಲಿ. ಮತ್ತೊಬ್ಬರು ತೋಟಕ್ಕೆ ನೀರು ಬಿಡುವ ಪೈಪಿನಿಂದ ಮೆಲ್ಲಗೆ, ಒಂದೊಂದೇ ಭಾಗಕ್ಕೆ ಹತ್ತು ನಿಮಿಷದಂತೆ, ಕೆಳಗಿನಿಂದ ಆರಂಭಿಸಿ ಮೇಲಕ್ಕೆ ನೀರು ಬಿಡಲಿ. ಮೇಲಿನಿಂದ ಆರಂಭಿಸಿದರೆ ಇಳಿದ ನೀರು ಎಲ್ಲ ಜಾಗಗಳನ್ನೂ ನೆನೆಸಿ, ಯಾವುದು ತಪ್ಪಿತಸ್ಥವೆಂದು ತಿಳಿಯುವುದಿಲ್ಲ. ರಭಸದ ಜೆಟ್ಟು ಬೇಡವೇ ಬೇಡ. ಮಳೆ ಎಂದೂ ಹೋಗದ ಕಡೆಗೆ ಅದು ನೀರನ್ನು ನುಗ್ಗಿಸುತ್ತದೆ.

ವಿದ್ಯುತ್ತಿನ ಪರೀಕ್ಷೆಯಲ್ಲಿ ಒಂದು ಎಚ್ಚರಿಕೆ ಅಗತ್ಯ. ಇಪ್ಪತ್ತು ಎಳೆಗಳ ತಂತಿಯಲ್ಲಿ ಹತ್ತೊಂಬತ್ತು ಎಳೆಗಳು ಕಿಲುಬಿ ಹೋಗಿ ಒಂದೇ ಉಳಿದಿದ್ದರೂ ಓಂಮೀಟರು "ಸರಿಯಿದೆ" ಎಂದೇ ತೋರಿಸುತ್ತದೆ; ಅದು ಹರಿಸುವ ಪ್ರವಾಹ ಅಷ್ಟು ಅಲ್ಪ. ಆದಕಾರಣ ದೀಪ, ಫ್ಯಾನುಗಳನ್ನು ಹಾಕಿ, ಭಾರವಿದ್ದಾಗಲೇ, ನಿಯಂತ್ರಕದ ಅರ್ತ್ ತಂತಿಗೂ ಬ್ಯಾಟರಿಯ ಋಣಾಗ್ರಕ್ಕೂ ನಡುವೆ ವೋಲ್ಟೇಜನ್ನು ಅಳೆಯಬೇಕು. ಅದು 0.1 ವೋಲ್ಟಿನೊಳಗೆ ಇದ್ದರೆ ಒಳಿತು. 1 ವೋಲ್ಟು ಬಂದರೆ ಆ ದಾರಿಯಲ್ಲಿ ಎಲ್ಲೋ ಹಸಿರು ಕೂತಿದೆ. ನಿಯಂತ್ರಕಗಳ ಜೋಡಿ ತಂತಿಯ ಎರಡು ಕೊನೆಗಳಲ್ಲಿಯೂ 120 ಓಂಗಳ ರೋಧವಿರುತ್ತದೆ. ಬ್ಯಾಟರಿಯನ್ನು ಕಳಚಿ ಅಳೆದರೆ, ಸಮಾಂತರ ಜೋಡಣೆಯಿಂದ 60 ಓಂ ಬರಬೇಕು. 120 ಬಂದರೆ ಎಲ್ಲೋ ತುಂಡಾಗಿದೆ. 60ಕ್ಕಿಂತ ಬಹಳ ಕಡಮೆ ಬಂದರೆ ಎರಡು ತಂತಿಗಳ ನಡುವೆ ನೀರೋ ಶಾರ್ಟೋ ಇದೆ. ಹಳದಿ ಕನೆಕ್ಟರುಗಳನ್ನು ಮಾತ್ರ ಯಾರೂ ಮುಟ್ಟಕೂಡದು. ಅವು ಗಾಳಿಚೀಲಗಳಿಗೆ ಸೇರಿದವು, ಮೀಟರಿನ ಅಲ್ಪ ಪ್ರವಾಹಕ್ಕೂ ಸಿಡಿಯುವ ಅಪಾಯವಿದೆ. ವಿದ್ಯುತ್ ಕಾರುಗಳ ಕಿತ್ತಳೆ ಬಣ್ಣದ ತಂತಿಗಳಲ್ಲಿ ಹರಿಯುವುದು ನೂರಾರು ವೋಲ್ಟು. ಅದು ತರಬೇತಾದವರ ಕೆಲಸ.

ನಮ್ಮ ದೃಷ್ಟಾಂತದ ಕಾರಿನಲ್ಲಿ ತೊಟ್ಟಿಯ ಎಡದ ರಂಧ್ರದಿಂದ ಒಂದು ಮುಷ್ಟಿ ಹೊಟ್ಟೂ ಎಲೆಯೂ ಹೊರಬಂದವೆನ್ನಿ. ಉಷ್ಣತೆಯ ಸಂವೇದಕದ ಕನೆಕ್ಟರು ಆ ಮೂಲೆಯ ಕೆಳಗೇ ಇತ್ತು. ಬಾಗಿಲಿನ ತಂತಿಯ ಕನೆಕ್ಟರು ಒಳಗೆ, ಅದೇ ಕಟ್ಟು ನುಸುಳಿ ಬರುವ ಜಾಗದಲ್ಲಿ. ಬ್ಯಾಟರಿಯ ಋಣಾಗ್ರವನ್ನು ಕಳಚಿ, ಎರಡು ಕನೆಕ್ಟರುಗಳನ್ನೂ ಬಟ್ಟಿ ಇಳಿಸಿದ ನೀರಿನಿಂದ ತೊಳೆದು, ಬಳಿಕ ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ತೊಳೆದು ಒಣಗಿಸಬೇಕು. ಅಕ್ಕಿಯ ಡಬ್ಬದಲ್ಲಿ ಹೂತಿಡುವ ಮನೆಮದ್ದಿನಿಂದ ಲವಣಗಳು ಹೋಗುವುದಿಲ್ಲ, ಅಕ್ಕಿ ವ್ಯರ್ಥ. ಹಸಿರಾದ ತಂತಿಯನ್ನು ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸಿ, ಹೊಸ ತುಂಡನ್ನು ಬೆಸೆದು, ಒಳಗೆ ಅಂಟು ಇರುವ ಕುಗ್ಗುಕೊಳವೆಯಿಂದ ಮುಚ್ಚಬೇಕು. ಕಟ್ಟು ರಬ್ಬರ್ ಬಳೆಯನ್ನು ಸೇರುವ ಮುನ್ನ ಒಂದು ಗೇಣು ಕೆಳಕ್ಕೆ ಬಾಗುವಂತೆ ಬಿಗಿದರೆ, ತಂತಿಯ ಮೇಲೆ ಹರಿದು ಬಂದ ನೀರು ಆ ಬಾಗಿನ ತಳದಲ್ಲಿ ತೊಟ್ಟಿಕ್ಕಿ ಹೊರಗೇ ಬೀಳುತ್ತದೆ.

ಇಷ್ಟಾದ ಮೇಲೆ ಪೈಪಿನ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಬೇಕು. ವೃತ್ತಪತ್ರಿಕೆಗಳು ಒಣಗಿಯೇ ಉಳಿದರೆ, ಕಾರಿಗೆ ಬೀಗ ಹಾಕಿ, ಋಣಾಗ್ರದ ತಂತಿಯಲ್ಲಿ ಆಂಮೀಟರನ್ನು ಶ್ರೇಣಿಯಲ್ಲಿ ಸೇರಿಸಿ, ನಿಯಂತ್ರಕಗಳು ನಿದ್ದೆ ಹೋಗಲು ಅರ್ಧ ಗಂಟೆ ಬಿಡಬೇಕು. ಮೀಟರು 0.03 ಆಂಪೇರನ್ನು ತೋರಿಸಿದರೆ ಹಳೆಯ ನಿಯಂತ್ರಕವೇ ಸಾಕು. ಅದು ಇನ್ನೂ 0.5 ಆಂಪೇರಿನಲ್ಲಿಯೇ ನಿಂತಿದ್ದರೆ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು, ಯಾವುದನ್ನು ಕಿತ್ತಾಗ ಮುಳ್ಳು ಇಳಿಯುವುದೋ ಆ ದಾರಿಯನ್ನು ಹಿಡಿದು ಹುಡುಕಬೇಕು. ಆ ದಾರಿಯ ತಂತಿ, ಕನೆಕ್ಟರುಗಳೆಲ್ಲ ಒಣಗಿ ಶುಚಿಯಾಗಿರುವುದು ಖಚಿತವಾದ ಮೇಲೂ ಮುಳ್ಳು ಇಳಿಯದಿದ್ದರೆ, ಆಗ ನಿಯಂತ್ರಕದ ಪೆಟ್ಟಿಗೆಯನ್ನು ಬಿಚ್ಚಲು ಕಾರಣ ಸಿಕ್ಕಿತು.